ಎಚ್‌ಐವಿ ಇರುವವರ ಮಿದುಳಿನ ಎಂಆರ್‌ಐಯಲ್ಲಿ ಉಂಗುರಗಳು: ಸೋಂಕೋ, ಗೆಡ್ಡೆಯೋ?

ನೀರ್ಚಾಲಿನವ

ಹತ್ತಿರದ ಸಂಬಂಧಿಕರೊಬ್ಬರ ವಿಷಯ. ಮನೆ ಬದಿಯಡ್ಕದಿಂದ ಆಚೆ. ಅದಕ್ಕಿಂತ ಹೆಚ್ಚಿನ ಗುರುತು ಹೇಳುವುದಿಲ್ಲ. ಒಂದಷ್ಟು ವರ್ಷ ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ ಊರಿಗೆ ಮರಳಿದವರು. ಮೊದಲು ತಲೆನೋವು, ಆಮೇಲೆ ಬಲಗೈಯಿಂದ ಚಹಾದ ಲೋಟ ಜಾರತೊಡಗಿತು, ಕೊನೆಗೆ ಫಿಟ್ಸ್. ಆಸ್ಪತ್ರೆಗೆ ಸೇರಿಸಿದಾಗಲೇ ಎಚ್‌ಐವಿ ಇರುವುದು ಗೊತ್ತಾದದ್ದು. ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತೋರಿಸುವ ಸಿಡಿ4 ಕೋಶಗಳ ಎಣಿಕೆ ಬರೀ 38.

ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಕಾಂಟ್ರಾಸ್ಟ್ ಕೊಟ್ಟ ಮೇಲೆ ಉಂಗುರದ ಹಾಗೆ ಹೊಳೆಯುವ ಹಲವು ಕಲೆಗಳಿವೆ, ಸುತ್ತ ಊತವಿದೆ ಎಂದು ವರದಿ ಹೇಳುತ್ತದೆ. ಕೊನೆಯ ಸಾಲಿನಲ್ಲಿ ಮೂರು ಹೆಸರು: ಟಾಕ್ಸೋಪ್ಲಾಸ್ಮೋಸಿಸ್, ಟ್ಯೂಬರ್ಕ್ಯುಲೋಮಾ, ಲಿಂಫೋಮಾ. ಒಂದು ಪರಾವಲಂಬಿ ಜೀವಿಯ ಸೋಂಕು, ಒಂದು ಕ್ಷಯ, ಒಂದು ಕ್ಯಾನ್ಸರ್. ವೈದ್ಯರು, ‘ಟಾಕ್ಸೋ ಎಂದು ಭಾವಿಸಿ ಎರಡು ವಾರ ಔಷಧಿ ಕೊಡೋಣ, ಮತ್ತೆ ಸ್ಕ್ಯಾನ್ ಮಾಡೋಣ’ ಎನ್ನುತ್ತಾರೆ. ಮನೆಯಲ್ಲಿ ಒಬ್ಬರಿಗೆ ಪೆಟ್ ಸ್ಕ್ಯಾನ್ ಆಗಬೇಕು, ಇನ್ನೊಬ್ಬರಿಗೆ ನೇರ ಬಯಾಪ್ಸಿಯೇ ಆಗಬೇಕು.

ನನ್ನ ಪ್ರಶ್ನೆ ಇಷ್ಟೇ. ಅಷ್ಟು ದುಡ್ಡು ಕೊಟ್ಟು ತೆಗೆಸಿದ ಚಿತ್ರಕ್ಕೆ ಇದು ಸೋಂಕು, ಇದು ಗೆಡ್ಡೆ ಎಂದು ಹೇಳುವ ಶಕ್ತಿ ಇಲ್ಲವೇ? ಔಷಧಿ ಕೊಟ್ಟು ನೋಡುವುದೆಂದರೆ ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗಲ್ಲವೇ?

ಕುಂಬಳೆ ರೇಡಿಯಾಲಜಿ

ಇಂಥ ಚಿತ್ರಗಳನ್ನು ಓದುವುದೇ ನನ್ನ ವೃತ್ತಿ. ನಿಮ್ಮ ಸಂಬಂಧಿಕರ ಚಿತ್ರ ನಾನು ನೋಡಿಲ್ಲ, ಹಾಗಾಗಿ ಅವರ ರೋಗದ ಬಗ್ಗೆ ತೀರ್ಪು ಕೊಡುವುದಿಲ್ಲ. ಮೂರು ಹೆಸರು ಒಂದೇ ಸಾಲಿನಲ್ಲಿ ಯಾಕೆ ಬಂದವು ಎಂಬುದನ್ನು ಹೇಳಬಲ್ಲೆ.

ಕಾಂಟ್ರಾಸ್ಟ್ ಎಂಬುದು ರಕ್ತನಾಳದ ಮೂಲಕ ಹೋಗುವ ಗ್ಯಾಡೋಲಿನಿಯಂ ಸಂಯುಕ್ತ. ಆರೋಗ್ಯವಂತ ಮಿದುಳಿನಲ್ಲಿ ಅದು ನಾಳ ಬಿಟ್ಟು ಹೊರಗೆ ಬರುವುದಿಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆ ಎಲ್ಲಿ ಕೆಟ್ಟಿದೆಯೋ ಅಲ್ಲಿ ಸೋರುತ್ತದೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಡುವಿನ ಅಂಗಾಂಶ ಸತ್ತು ಅಂಚು ಮಾತ್ರ ಜೀವಂತ ಇದ್ದರೆ ಉಂಗುರ ಮೂಡುತ್ತದೆ. ಟಾಕ್ಸೋದಲ್ಲಿ ನಡುಭಾಗ ಸಾಯುತ್ತದೆ, ಕ್ಷಯದ ಗಂಟಿನಲ್ಲಿಯೂ ಸಾಯುತ್ತದೆ. ರೋಗನಿರೋಧಕ ಶಕ್ತಿ ಸರಿಯಿದ್ದವರಲ್ಲಿ ಲಿಂಫೋಮಾ ಸಾಮಾನ್ಯವಾಗಿ ಇಡಿಯಾಗಿ, ಒಂದೇ ಸಮನೆ ಹೊಳೆಯುತ್ತದೆ. ಆದರೆ ಏಡ್ಸ್ ಹಂತದಲ್ಲಿರುವವರಲ್ಲಿ ಅದರ ನಡುಭಾಗವೂ ಸತ್ತು ಅದೂ ಉಂಗುರವಾಗುತ್ತದೆ. ಎಲ್ಲ ಗೊಂದಲದ ಬೇರು ಇಲ್ಲಿದೆ. ಉಂಗುರ ಹೇಳುವುದು ‘ಇಲ್ಲಿ ತಡೆ ಒಡೆದಿದೆ, ನಡುವೆ ಜೀವವಿಲ್ಲ’ ಎಂದು ಮಾತ್ರ. ಒಡೆದವರು ಯಾರೆಂದು ಅದು ಹೇಳುವುದಿಲ್ಲ.

ಆದರೂ ನಾವು ಕೈಕಟ್ಟಿ ಕುಳಿತಿರುವುದಿಲ್ಲ. ಎಲ್ಲಿದೆ, ಎಷ್ಟಿದೆ ಎಂದು ಮೊದಲು ನೋಡುತ್ತೇವೆ. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಲ್ಲಿ, ಬೂದು ಮತ್ತು ಬಿಳಿ ಭಾಗಗಳು ಸೇರುವ ಗಡಿಯಲ್ಲಿ, ಅಲ್ಲೊಂದು ಇಲ್ಲೊಂದು ಎಂಬಂತೆ ಹಲವು ಕಲೆಗಳಿದ್ದರೆ ಮನಸ್ಸು ಟಾಕ್ಸೋದ ಕಡೆ ವಾಲುತ್ತದೆ. ಎಂಆರ್‌ಐಯಲ್ಲಿಯೂ ಒಂದೇ ಒಂದು ಕಲೆ, ಅದೂ 4 ಸೆಂಟಿಮೀಟರಿಗಿಂತ ದೊಡ್ಡದು, ಮಿದುಳಿನ ಕುಹರಗಳ ಗೋಡೆಗೆ ಅಂಟಿಕೊಂಡದ್ದು ಅಥವಾ ಎರಡು ಅರ್ಧಗೋಳಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್ ದಾಟಿ ಆಚೆಗೆ ಹೋದದ್ದು ಎಂದಾದರೆ ಲಿಂಫೋಮಾದ ಅನುಮಾನ ಗಟ್ಟಿಯಾಗುತ್ತದೆ. ‘ಎಂಆರ್‌ಐಯಲ್ಲಿಯೂ’ ಎಂದು ಬೇಕೆಂದೇ ಬರೆದೆ. ಸಿಟಿಯಲ್ಲಿ ಒಂದೇ ಕಂಡ ರೋಗಿಗೆ ಎಂಆರ್‌ಐಯಲ್ಲಿ ಹಲವು ಕಾಣುವುದು ಮಾಮೂಲು.

ಟಾಕ್ಸೋಗೆ ಒಂದು ವಿಶೇಷ ಗುರುತಿದೆ. ಉಂಗುರದ ಒಳಗೋಡೆಗೆ ಒತ್ತಿಕೊಂಡು, ನಡುವಿಗೆ ಬಾರದೆ ಪಕ್ಕಕ್ಕೆ ಸರಿದು, ಒಂದು ಸಣ್ಣ ಬಿಳಿ ಗಂಟು ಕಾಣುತ್ತದೆ. ಕಂಡರೆ ಟಾಕ್ಸೋ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಕಾಣುವುದು ಮಾತ್ರ ಶೇಕಡಾ 30ಕ್ಕಿಂತ ಕಡಿಮೆ ರೋಗಿಗಳಲ್ಲಿ. ಆದ್ದರಿಂದ ಅದು ಕಾಣಲಿಲ್ಲ ಎಂದು ಟಾಕ್ಸೋವನ್ನು ಬಿಡುವಂತಿಲ್ಲ.

ಈಗ ಪೆಟ್ ವಿಚಾರ. ಅದರಲ್ಲಿ ಕೊಡುವುದು ವಿಕಿರಣಶೀಲ ಫ್ಲೋರಿನ್ ಜೋಡಿಸಿದ ಸಕ್ಕರೆ. ಲಿಂಫೋಮಾದ ಜೀವಕೋಶಗಳು ಅದನ್ನು ಬಕಬಕನೆ ನುಂಗುತ್ತವೆ, ಟಾಕ್ಸೋದ ಕಲೆ ಸುತ್ತಲಿನ ಮಿದುಳಿಗಿಂತಲೂ ಮಂಕಾಗಿ ಕಾಣುತ್ತದೆ. 1990ರ ದಶಕದ ಆರಂಭದಲ್ಲಿ ಇದೇ ತರ್ಕದ ಮೇಲೆ ವಿಕಿರಣಶೀಲ ಥಾಲಿಯಂ-201 ಬಳಸುವ ಸ್ಪೆಕ್ಟ್ ಎಂಬ ಸ್ಕ್ಯಾನ್ ಬಹಳ ಹೆಸರು ಮಾಡಿತ್ತು. ಥಾಲಿಯಂ ದೇಹದಲ್ಲಿ ಪೊಟ್ಯಾಶಿಯಂನಂತೆ ವರ್ತಿಸುತ್ತದೆ. ಜೀವಂತ ಗೆಡ್ಡೆಯ ಕೋಶಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಸೋಂಕಿನ ಕಲೆಗಳು ಸಾಮಾನ್ಯವಾಗಿ ಎಳೆದುಕೊಳ್ಳುವುದಿಲ್ಲ. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಫಲಿತಾಂಶ ಕಣ್ಣು ಕೋರೈಸುವಂತಿತ್ತು. ಮುಂದೆ ಹೆಚ್ಚು ರೋಗಿಗಳನ್ನು ನೋಡಿದಾಗ ಹೊಳಪು ಇಳಿಯಿತು. 2 ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆ ತಪ್ಪಿಹೋಗುತ್ತದೆ, ನಡುಭಾಗ ಸತ್ತ ತೆಳು ಅಂಚಿನ ಗೆಡ್ಡೆಯೂ ತಪ್ಪಿಹೋಗಬಹುದು, ಕೆಲವು ಸೋಂಕುಗಳು ಗೆಡ್ಡೆಯ ಹಾಗೆ ಹೊಳೆಯುತ್ತವೆ. ಕ್ಷಯವಂತೂ ಪೆಟ್‌ನಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಪೆಟ್ ಕುರಿತ ಬಹುಪಾಲು ಹಳೆಯ ಪ್ರಬಂಧಗಳು ಕ್ಷಯ ಅಪರೂಪವಾದ ದೇಶಗಳಿಂದ ಬಂದವು. ನಮ್ಮಲ್ಲಿ ‘ಪೆಟ್ ಹೊಳೆಯಿತು, ಆದ್ದರಿಂದ ಗೆಡ್ಡೆ’ ಎಂದು ಹೇಳಿಬಿಡಲು ಆಗುವುದಿಲ್ಲ.

ಅಡೂರು ತೋಟ

ಹಾಗಾದರೆ ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ಕೊನೆಗೆ ಮಾತ್ರೆ ಕೊಟ್ಟು ನೋಡುವುದೇ ಗತಿ ಎಂದಾಯಿತು. ಮಂಗಳೂರಿಗೆ ಒಮ್ಮೆ ಹೋಗಿ ಬರುವುದೆಂದರೆ ನಮ್ಮ ಕಡೆಯವರಿಗೆ ಒಂದು ದಿನದ ಕೆಲಸ, ಜೀಪೋ ಕಾರೋ ಗೊತ್ತು ಮಾಡಬೇಕು. ಮೊದಲ ದಿನವೇ ಬಯಾಪ್ಸಿ ಮಾಡಿ ಮುಗಿಸಿದರೆ ಆಗದೇ?

ಮುಳ್ಳೇರಿಯ ನಿವೃತ್ತ ವೈದ್ಯ

ಅಡೂರಿನವರೇ, ಬಯಾಪ್ಸಿ ಎಂದರೆ ತಲೆಬುರುಡೆಗೆ ರಂಧ್ರ ಕೊರೆದು ಸೂಜಿಯನ್ನು ಮಿದುಳಿನ ಆಳಕ್ಕೆ ಇಳಿಸುವುದು. ನುರಿತ ಕೈಗಳಲ್ಲಿಯೂ ರಕ್ತಸ್ರಾವದ ಅಪಾಯ ಇದ್ದೇ ಇದೆ. ಅತ್ತ ಟಾಕ್ಸೋಗೆ ಪರಿಣಾಮಕಾರಿ ಔಷಧಿ ಇದೆ, ಅದು ಬೇಗ ಕೆಲಸ ಮಾಡುತ್ತದೆ. ಬೇಗ ಎಂದರೆ ಎಷ್ಟು ಬೇಗ? 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 49 ರೋಗಿಗಳಲ್ಲಿ 35 ಮಂದಿಗೆ ಚಿಕಿತ್ಸೆ ಹಿಡಿಯಿತು; ಆ 35ರಲ್ಲಿ 30 ಮಂದಿ ಏಳನೆಯ ದಿನದೊಳಗೇ ಸುಧಾರಿಸಿದ್ದರು. ಎರಡು ವಾರ ಎಂಬ ಗಡುವು ಬಾಯಿಗೆ ಬಂದದ್ದಲ್ಲ. ಅಷ್ಟರಲ್ಲಿ ಕೈಗೆ ಬಲ ಬರಲಿಲ್ಲ, ಚಿತ್ರವೂ ಬದಲಾಗಲಿಲ್ಲ ಎಂದರೆ ಆಗ ಸೂಜಿಗೆ ಸಮರ್ಥನೆ ಸಿಗುತ್ತದೆ. ನಡುವೆ ಸ್ಥಿತಿ ಕೆಟ್ಟರೆ ಎರಡು ವಾರ ಕಾಯಲೂಬೇಕಿಲ್ಲ.

ನೀರ್ಚಾಲಿನವರು ಇದನ್ನು ಕತ್ತಲೆಯ ಕಲ್ಲು ಎಂದರು. ನಾನು ಒಪ್ಪುವುದಿಲ್ಲ. ಕಲ್ಲು ಹೊಡೆಯುವ ಮೊದಲು ದಿಕ್ಕು ನೋಡುತ್ತೇವೆ. ರಕ್ತದಲ್ಲಿ ಟಾಕ್ಸೋಪ್ಲಾಸ್ಮಾ ಐಜಿಜಿ, ಅಂದರೆ ಆ ಸೋಂಕಿನ ವಿರುದ್ಧದ ಪ್ರತಿಕಾಯದ ಪರೀಕ್ಷೆ ಮಾಡಿಸಿದ್ದೀರಾ? ಈ ಕಾಯಿಲೆ ಬಹುತೇಕ ಹಳೆಯ, ನಿದ್ರಿಸುತ್ತಿದ್ದ ಸೋಂಕು ಮತ್ತೆ ಎದ್ದದ್ದು. ಹಾಗಾಗಿ ರೋಗಿಗಳಲ್ಲಿ ಐಜಿಜಿ ಸಾಮಾನ್ಯವಾಗಿ ಪಾಸಿಟಿವ್ ಇರುತ್ತದೆ. ನೆಗೆಟಿವ್ ಬಂದರೆ ಟಾಕ್ಸೋ ಸಾಧ್ಯತೆ ಬಹಳ ಕುಗ್ಗುತ್ತದೆ. ಪಾಸಿಟಿವ್ ಬಂದ ಮಾತ್ರಕ್ಕೆ ಖಚಿತವಾಗುವುದಿಲ್ಲ, ಆರೋಗ್ಯವಂತರಲ್ಲಿಯೂ ಎಷ್ಟೋ ಮಂದಿ ಪಾಸಿಟಿವ್. ಸಿಡಿ4 100ಕ್ಕಿಂತ ಕೆಳಗಿದ್ದು, ಇಂಥ ಸೋಂಕು ಬಾರದಂತೆ ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ತೆಗೆದುಕೊಳ್ಳದೆ ಇದ್ದು, ಐಜಿಜಿ ಪಾಸಿಟಿವ್ ಆಗಿ, ಹಲವು ಉಂಗುರಗಳಿದ್ದರೆ ಟಾಕ್ಸೋ ಎಂದೇ ಹೊರಡುತ್ತೇವೆ. ಇವುಗಳಲ್ಲಿ ಒಂದೆರಡು ಕೊಂಡಿ ಕಳಚಿದರೆ ಎರಡು ವಾರ ಕಾಯುವ ಧೈರ್ಯವೂ ಅಷ್ಟಕ್ಕೆ ಕಡಿಮೆಯಾಗುತ್ತದೆ.

ಬೆನ್ನುಹುರಿಯ ನೀರು ತೆಗೆದು ಎಪ್‌ಸ್ಟೈನ್-ಬಾರ್ ವೈರಸ್‌ನ ಡಿಎನ್‌ಎ ಹುಡುಕುವ ಪಿಸಿಆರ್ ಇದೆ. ಎಚ್‌ಐವಿ ಇರುವವರ ಮಿದುಳಿನ ಲಿಂಫೋಮಾ ಬಹುತೇಕ ಯಾವಾಗಲೂ ಈ ವೈರಸ್ಸಿನ ಜೊತೆಗೇ ಬರುತ್ತದೆ. ಆ ಪರೀಕ್ಷೆ ಪಾಸಿಟಿವ್ ಆಗಿ ಥಾಲಿಯಂ ಅಥವಾ ಪೆಟ್ ಕೂಡ ಹೊಳೆದರೆ ಲಿಂಫೋಮಾ ಎಂಬ ನಂಬಿಕೆ ಬಲವಾಗುತ್ತದೆ. ಆದರೆ ಊತದಿಂದ ಮಿದುಳು ಒಂದು ಕಡೆಗೆ ಸರಿದಿದ್ದರೆ ಬೆನ್ನಿಗೆ ಸೂಜಿ ಹಾಕುವುದು ಪ್ರಾಣಕ್ಕೇ ಕುತ್ತು. ಅದನ್ನು ತಿಳಿಯುವುದಕ್ಕೂ ಮೊದಲು ಚಿತ್ರವೇ ಬೇಕು. ಯಂತ್ರ ನಿಷ್ಪ್ರಯೋಜಕ ಎಂದು ಹೇಳುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೆರ್ಲದ ಅಕ್ಕ

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕುಟುಂಬದಲ್ಲಿ ಒಬ್ಬರಿಗೆ ಇದೇ ಪ್ರಶ್ನೆ ಎದುರಾಗಿತ್ತು. ತಲೆನೋವು, ವಾಂತಿ ಎಂದು ಮೊದಲು ಹೋದ ಸಣ್ಣ ಆಸ್ಪತ್ರೆಯಲ್ಲಿ ಸಿಟಿ ಮಾಡಿ, ಊತ ಇಳಿಯಲಿ ಎಂದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಮೂರನೆಯ ದಿನಕ್ಕೆ ರೋಗಿ ಎದ್ದು ಕುಳಿತು ಗಂಜಿ ಕುಡಿದರು, ನಾವು ದೇವಸ್ಥಾನಕ್ಕೆ ಹರಕೆ ಸಲ್ಲಿಸಿ ಬಂದೆವು. ಜೊತೆಗೆ ಟಾಕ್ಸೋ ಮಾತ್ರೆಯೂ ನಡೆದಿತ್ತು. ಎರಡನೆಯ ಸ್ಕ್ಯಾನಿನಲ್ಲಿ ಕಲೆ ಸಣ್ಣದಾಗಿತ್ತು. ಎಲ್ಲರೂ ಟಾಕ್ಸೋ ಎಂದೇ ತೀರ್ಮಾನಿಸಿದರು. ಸ್ಟಿರಾಯ್ಡ್ ನಿಲ್ಲಿಸಿದ ಮೇಲೆ ತಲೆನೋವು ಮರಳಿತು, ಕಲೆ ಮೊದಲಿಗಿಂತ ದೊಡ್ಡದಾಯಿತು. ಮತ್ತೆ ಸ್ಟಿರಾಯ್ಡ್, ಅದರ ನಡುವೆಯೇ ಬಯಾಪ್ಸಿ. ವರದಿಯಲ್ಲಿ ಏನೂ ಸ್ಪಷ್ಟವಿಲ್ಲ ಎಂದು ಬಂತು. ಎರಡನೆಯ ಬಯಾಪ್ಸಿಯಲ್ಲಿ ಲಿಂಫೋಮಾ ಎಂದು ತಿಳಿಯುವ ಹೊತ್ತಿಗೆ ಅವರು ಮಾತು ಕಳೆದುಕೊಂಡಿದ್ದರು.

ಆಮೇಲೆ ದೊಡ್ಡ ವೈದ್ಯರೊಬ್ಬರು ವಿವರಿಸಿದರು: ಲಿಂಫೋಮಾದ ಕೋಶಗಳನ್ನು ಸ್ಟಿರಾಯ್ಡ್ ತಾನೇ ಕೊಲ್ಲುತ್ತದೆ, ಸ್ವಲ್ಪ ಕಾಲ ಗೆಡ್ಡೆ ಮಾಯವಾದಂತೆಯೂ ಕಾಣಬಹುದು. ಸೋಂಕಿನ ಊತವೂ ಅದರಿಂದ ಇಳಿಯುತ್ತದೆ. ಅಲ್ಲಿಗೆ ಮಾತ್ರೆಗೆ ಸುಧಾರಿಸಿದರೋ ಸ್ಟಿರಾಯ್ಡಿಗೋ ಎಂದು ಯಾರಿಗೂ ತಿಳಿಯುವುದಿಲ್ಲ. ನೀರ್ಚಾಲಿನವರೇ, ಚೀಟಿಯಲ್ಲಿ ಡೆಕ್ಸಾ ಎಂಬ ಹೆಸರಿದೆಯೇ ನೋಡಿ.

ಮುಳ್ಳೇರಿಯ ನಿವೃತ್ತ ವೈದ್ಯ

ಅಕ್ಕ ಹೇಳಿದ್ದು ಈ ಚರ್ಚೆಯ ಮುಖ್ಯ ಮಾತು. ಊತದಿಂದ ಜೀವಕ್ಕೆ ಅಪಾಯವಿದ್ದರೆ ಸ್ಟಿರಾಯ್ಡ್ ಕೊಡಲೇಬೇಕು, ಅಲ್ಲಿ ವಾದವಿಲ್ಲ. ಅಂಥ ಅಪಾಯವಿಲ್ಲದೆ ‘ಇರಲಿ’ ಎಂದು ಕೊಟ್ಟರೆ ಎರಡು ವಾರದ ಪರೀಕ್ಷೆಯ ಅರ್ಥವೇ ಕೆಡುತ್ತದೆ. ಆದರೆ ಮನೆಯವರು ತಾವಾಗಿಯೇ ಸ್ಟಿರಾಯ್ಡ್ ನಿಲ್ಲಿಸಬಾರದು. ಕೊಟ್ಟಿದ್ದರೆ ಯಾಕೆ, ಯಾವಾಗಿನಿಂದ, ಎಂದು ನಿಲ್ಲುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎರಡನೆಯ ಚಿತ್ರ ಓದುವವರಿಗೆ ಆ ದಿನಾಂಕ ಬೇಕು.

ಕುಂಬಳೆ ರೇಡಿಯಾಲಜಿ

ನಿಜ. ಸ್ಟಿರಾಯ್ಡ್ ವಿಷಯ ಬರೆಯದೆ ಕಳುಹಿಸಿದ ಚಿತ್ರ ಓದುವುದೆಂದರೆ ನನಗೆ ಕೋಪ ಬರುತ್ತದೆ. ಕೋರಿಕೆ ಚೀಟಿಯಲ್ಲಿ ‘ತಲೆನೋವು’ ಎಂದಷ್ಟೇ ಗೀಚಿರುತ್ತಾರೆ. ಸಿಡಿ4 ಎಷ್ಟು, ಕೋಟ್ರೈಮಾಕ್ಸಜೋಲ್ ತೆಗೆದುಕೊಳ್ಳುತ್ತಿದ್ದರೇ, ಸ್ಟಿರಾಯ್ಡ್ ನಡೆದಿದೆಯೇ ಎಂಬ ಮೂರು ಸಂಗತಿ ಗೊತ್ತಿದ್ದರೆ ಅದೇ ಚಿತ್ರದಿಂದ ಇಮ್ಮಡಿ ಉತ್ತರ ತೆಗೆಯಬಹುದು.

ಪೆಟ್‌ಗೆ ಓಡುವ ಮೊದಲು ಅದೇ ಎಂಆರ್‌ಐ ಯಂತ್ರದಲ್ಲಿ ಇನ್ನೂ ಕೆಲವು ಪರೀಕ್ಷೆಗಳಿವೆ. ಪರ್ಫ್ಯೂಷನ್ ಎಂಬುದು ಕಲೆಯ ಗೋಡೆಯಲ್ಲಿ ರಕ್ತದ ಪ್ರಮಾಣ ಎಷ್ಟೆಂದು ಅಳೆಯುತ್ತದೆ: ಲಿಂಫೋಮಾದಲ್ಲಿ ಸಾಮಾನ್ಯವಾಗಿ ಜಾಸ್ತಿ, ಟಾಕ್ಸೋದಲ್ಲಿ ಕಡಿಮೆ. ಡಿಫ್ಯೂಷನ್ ನೀರಿನ ಅಣುಗಳ ಓಡಾಟ ನೋಡುತ್ತದೆ. ಕೋಶಗಳು ಒತ್ತೊತ್ತಾಗಿ ತುಂಬಿದ ಲಿಂಫೋಮಾದಲ್ಲಿ ಓಡಾಟಕ್ಕೆ ಜಾಗವಿಲ್ಲ, ಬ್ಯಾಕ್ಟೀರಿಯಾದ ಕೀವುಗಟ್ಟಿದ ಕುರುವಿನ ನಡುಭಾಗದಲ್ಲಿಯೂ ಇಲ್ಲ, ಟಾಕ್ಸೋದ ನಡುವೆ ಹೆಚ್ಚಾಗಿ ಇರುತ್ತದೆ. ಸ್ಪೆಕ್ಟ್ರೋಸ್ಕೋಪಿಯಲ್ಲಿ ರಾಸಾಯನಿಕಗಳ ಗೆರೆ ಬರುತ್ತದೆ: ಕೋಲೀನ್ ಏರಿದ್ದರೆ ಗೆಡ್ಡೆಯ ಕಡೆ, ಕೋಲೀನ್ ಇಳಿದು ಲಿಪಿಡ್, ಲ್ಯಾಕ್ಟೇಟ್ ಮಾತ್ರ ಎದ್ದಿದ್ದರೆ ಸೋಂಕಿನ ಕಡೆ. ಕ್ಷಯದ ಗಂಟಿನಲ್ಲಿಯೂ ಲಿಪಿಡ್ ಎದ್ದು ಕಾಣುತ್ತದೆ. ಅದರ ಗಟ್ಟಿಯಾದ ನಡುಭಾಗ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಗೆ ಇರುವುದು ನಮಗೆ ಇನ್ನೊಂದು ಸುಳಿವು. ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಪರ್ಫ್ಯೂಷನ್ ಮೇಲೆ. ಸ್ಪೆಕ್ಟ್ರೋಸ್ಕೋಪಿ ನೋಡಲು ಚೆಂದ, ಸಣ್ಣ ಕಲೆಗಳಲ್ಲಿ ಕೈಕೊಡುತ್ತದೆ.

ಉಪ್ಪಳದ ಓದುಗ

ಟಾಕ್ಸೋ ಬೆಕ್ಕಿನಿಂದ ಬರುತ್ತದೆ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಬೆಕ್ಕುಗಳಿವೆ, ಎಚ್‌ಐವಿ ಇರುವ ಒಬ್ಬರೂ ಇದ್ದಾರೆ. ಬೆಕ್ಕುಗಳನ್ನು ಬಿಟ್ಟುಬರಬೇಕೇ? ಇನ್ನೊಬ್ಬರು ದಿನಾ ಒಂದೆಲಗದ ರಸ ಕುಡಿದರೆ ಮಿದುಳಿನ ಗಂಟು ಕರಗುತ್ತದೆ ಎಂದರು.

ಮುಳ್ಳೇರಿಯ ನಿವೃತ್ತ ವೈದ್ಯ

ಒಂದೆಲಗದ ತಂಬುಳಿ ಊಟಕ್ಕೆ ಒಳ್ಳೆಯದು, ಅಷ್ಟೇ. ಬೆಕ್ಕು ಇರಲಿ. ಅದರ ಮಲವನ್ನು ಆ ವ್ಯಕ್ತಿ ತೆಗೆಯದಿರಲಿ, ತೋಟದ ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯಲಿ, ಮಾಂಸ ಚೆನ್ನಾಗಿ ಬೇಯಲಿ. ಇದಕ್ಕಿಂತ ಮುಖ್ಯ, ಸಿಡಿ4 ಕಡಿಮೆ ಇದ್ದರೆ ಕೋಟ್ರೈಮಾಕ್ಸಜೋಲ್ ತಪ್ಪಿಸದಿರುವುದು, ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆ, ನಿಲ್ಲಿಸದಿರುವುದು.

ಗಡಿಯಾಚೆ ಸಲಹೆಗಾರ್ತಿ

ಎಚ್‌ಐವಿ ಇರುವವರೊಂದಿಗೆ ಕೆಲಸ ಮಾಡುತ್ತಿದ್ದೆ. ಕೇರಳ-ಕರ್ನಾಟಕ ಗಡಿಯ ತೊಡಕುಗಳ ಬಗ್ಗೆ ಮಾತ್ರ ಹೇಳುತ್ತೇನೆ. ಕೇರಳದಲ್ಲಿ ಪರೀಕ್ಷಾ ಕೇಂದ್ರಕ್ಕೆ ‘ಜ್ಯೋತಿಸ್’ ಎಂದೂ ಎಆರ್‌ಟಿ ಕೇಂದ್ರಕ್ಕೆ ‘ಉಷಸ್’ ಎಂದೂ ಹೆಸರು. ಫಲಕದಲ್ಲಿ ಅಷ್ಟೇ ಇರುತ್ತದೆ, ಮಲಯಾಳ ಓದಲು ಬಾರದ ನಮ್ಮವರು ಅದರ ಮುಂದೆಯೇ ನಿಂತು ಎಆರ್‌ಟಿ ಎಲ್ಲಿ ಎಂದು ಕೇಳುತ್ತಾರೆ. ನಮ್ಮ ಕಡೆಯವರ ಸ್ಕ್ಯಾನ್ ಮಂಗಳೂರು, ದೇರಳಕಟ್ಟೆಯಲ್ಲಿ, ಮಾತ್ರೆ ಕಾಸರಗೋಡಿನಲ್ಲಿ. ಎರಡು ರಾಜ್ಯದ ಕಾಗದಗಳು ಒಂದೇ ಕಡತದಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ಸ್ಕ್ಯಾನಿನ ಸಿಡಿ ತಪ್ಪದೆ ಪಡೆದುಕೊಳ್ಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ತೆಗೆದ ಮೊಬೈಲ್ ಫೋಟೋದಿಂದ ಹೋಲಿಕೆ ಸಾಧ್ಯವಿಲ್ಲ. ಎರಡನೆಯ ಸ್ಕ್ಯಾನ್ ಆದಷ್ಟು ಅದೇ ಯಂತ್ರದಲ್ಲಿ ಆಗಲಿ. 2020ರಲ್ಲಿ ಕೋವಿಡ್ ಕಾಲದಲ್ಲಿ ಗಡಿಯ ತಲಪಾಡಿಯ ದಾರಿ ಮುಚ್ಚಿದ್ದನ್ನು ಕಂಡವರಿಗೆ ಈ ಎಚ್ಚರಿಕೆ ಹೆಚ್ಚು ಎನಿಸಲಾರದು.

ಗೋಪ್ಯತೆಯ ಬಗ್ಗೆಯೂ ಗಮನವಿರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆ ಇಲ್ಲದೆ ಅವರ ಸ್ಥಿತಿಯನ್ನು ಬೇರೆಯವರಿಗೆ ತಿಳಿಸುವಂತಿಲ್ಲ, ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಚಿತ್ರ ಓದುವ ವೈದ್ಯರಿಗೆ ಗೊತ್ತಿರಬೇಕು, ಸರಿ. ಫಿಲ್ಮಿನ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವ ಅಗತ್ಯ ಯಾರಿಗೂ ಇಲ್ಲ. ಹಾಗೆ ಬರೆದ ಲಕೋಟೆ ಹಿಡಿದು ಬಸ್ಸಿನಲ್ಲಿ ಕುಳಿತವರನ್ನು ನಾನು ಕಂಡಿದ್ದೇನೆ, ಅಂಗೈಯಿಂದ ಆ ಜಾಗ ಮುಚ್ಚಿಕೊಂಡಿದ್ದರು. ಲಕೋಟೆ ಬದಲಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ನೀರ್ಚಾಲಿನವ

ಎಲ್ಲರಿಗೂ ಉಪಕಾರ. ಡೆಕ್ಸಾ ಕೊಟ್ಟಿಲ್ಲ, ಚೀಟಿ ನೋಡಿದೆ. ಐಜಿಜಿ ಪಾಸಿಟಿವ್. ಟಾಕ್ಸೋಗೆ ಕೊಡುವ ಪೈರಿಮೆಥಮೈನ್ ಸಿಗುವುದು ಕಷ್ಟವೆಂದು ಕೋಟ್ರೈಮಾಕ್ಸಜೋಲನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಿದ್ದಾರೆ. ಇದು ಸಾಕೇ? ಫಿಟ್ಸ್‌ಗೆ ಫೆನಿಟಾಯಿನ್ ಇದೆ.

ಮುಳ್ಳೇರಿಯ ನಿವೃತ್ತ ವೈದ್ಯ

ಕೋಟ್ರೈಮಾಕ್ಸಜೋಲ್ ಒಪ್ಪಿತವಾದ ದಾರಿಯೇ, ನಮ್ಮ ದೇಶದಲ್ಲಿ ಬಹಳ ಕಡೆ ಅದರಿಂದಲೇ ಚಿಕಿತ್ಸೆ ನಡೆಯುತ್ತದೆ. ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಮೈಮೇಲೆ ದದ್ದು ಎದ್ದರೆ ಅದೇ ದಿನ ತಿಳಿಸಿ. ಮುಂದೆಂದಾದರೂ ಪೈರಿಮೆಥಮೈನ್ ಬರೆದರೆ ಜೊತೆಗೆ ಫೋಲಿನಿಕ್ ಆಮ್ಲ ಇರಬೇಕು. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಫೋಲಿಕ್ ಆಮ್ಲ ಕೊಟ್ಟರೆ ಒಪ್ಪಬೇಡಿ.

ಫೆನಿಟಾಯಿನ್ ಬಗ್ಗೆ ಈಗಲೇ ಕೇಳಿ. ಈಗ ಎಆರ್‌ಟಿಯಲ್ಲಿ ಕೊಡುವ ಡೊಲುಟೆಗ್ರಾವಿರ್‌ನ ಮಟ್ಟವನ್ನು ಅದು ರಕ್ತದಲ್ಲಿ ಇಳಿಸುತ್ತದೆ. ಫಿಟ್ಸ್‌ನ ಇನ್ನೊಂದು ಮಾತ್ರೆ ಲೆವೆಟಿರಾಸೆಟಮ್‌ಗೆ ಆ ತೊಂದರೆ ಇಲ್ಲ. ಎರಡು ಔಷಧಿ ಬರೆಯುವವರು ಬೇರೆ ಬೇರೆ ರಾಜ್ಯದಲ್ಲಿದ್ದಾಗ ಇಂಥದ್ದು ಕಣ್ತಪ್ಪಿ ಹೋಗುತ್ತದೆ.

ನೀರ್ಚಾಲಿನವ

ಎರಡನೆಯ ಸ್ಕ್ಯಾನ್ ಆಯಿತು, ಅದೇ ಯಂತ್ರದಲ್ಲಿ. ಬೇಸಲ್ ಗ್ಯಾಂಗ್ಲಿಯಾದ ದೊಡ್ಡ ಕಲೆ ಅರ್ಧಕ್ಕಿಂತ ಕಡಿಮೆಯಾಗಿದೆ, ಊತ ಬಹಳ ಇಳಿದಿದೆ. ಹಿಂಭಾಗದ ಒಂದು ಸಣ್ಣ ಕಲೆ ಮಾತ್ರ ಹಾಗೆಯೇ ಇದೆ. ಬಲಗೈಯಲ್ಲಿ ಊಟ ಮಾಡುತ್ತಿದ್ದಾರೆ, ಅಕ್ಷರ ಇನ್ನೂ ಸೊಟ್ಟ. ಫಿಟ್ಸ್ ಮಾತ್ರೆ ಬದಲಾಯಿಸಿದ್ದಾರೆ. ಎಆರ್‌ಟಿ ಶುರು ಮಾಡುತ್ತೇವೆ ಎನ್ನುತ್ತಾರೆ. ಆ ಉಳಿದ ಕಲೆಗೆ ಈಗ ಪೆಟ್ ಬೇಕೇ?

ಕುಂಬಳೆ ರೇಡಿಯಾಲಜಿ

ಸ್ಟಿರಾಯ್ಡ್ ಇಲ್ಲದೆ ದೊಡ್ಡ ಕಲೆ ಇಷ್ಟು ಕುಗ್ಗಿದ್ದು ಒಳ್ಳೆಯ ಸಾಕ್ಷಿ. ಸಣ್ಣ ಕಲೆಗೆ ಪೆಟ್‌ನಿಂದ ಹೆಚ್ಚು ತಿಳಿಯುವುದಿಲ್ಲ, ಗಾತ್ರವೇ ಅಡ್ಡಿ. ಎಲ್ಲ ಕಲೆಗಳೂ ಒಂದೇ ವೇಗದಲ್ಲಿ ಮಾಯುವುದಿಲ್ಲ. ಆದರೆ ಅದನ್ನು ಮರೆತುಬಿಡುವಂತೆಯೂ ಇಲ್ಲ, ಒಬ್ಬರ ಮಿದುಳಿನಲ್ಲಿ ಎರಡು ಕಾಯಿಲೆ ಒಟ್ಟಿಗೆ ಇರಬಹುದು. ಚಿಕಿತ್ಸೆ ಕನಿಷ್ಠ ಆರು ವಾರ ಇರುತ್ತದೆ. ಅದು ಮುಗಿಯುವಾಗ ಮೂರನೆಯ ಚಿತ್ರ ತೆಗೆಸಿ, ಈ ಕಲೆಯನ್ನು ಹೆಸರಿಟ್ಟು ಹೋಲಿಸಲು ಹೇಳಿ. ಎಆರ್‌ಟಿ ಶುರುವಾದ ಮೇಲೆ ಚೇತರಿಸಿಕೊಂಡ ನಿರೋಧಕ ಶಕ್ತಿಯೇ ಹಳೆಯ ಸೋಂಕಿನ ಮೇಲೆ ಎರಗಿ ಊತ ಮತ್ತೆ ಏರುವುದುಂಟು. ತಲೆನೋವು ಮರಳಿದರೆ ಗಾಬರಿಯಲ್ಲಿ ಎಆರ್‌ಟಿ ನಿಲ್ಲಿಸಬೇಡಿ, ಮೂರು ಸಿಡಿಗಳನ್ನೂ ಹಿಡಿದು ನೇರ ವೈದ್ಯರ ಬಳಿಗೆ ಹೋಗಿ.